ಗಲ್ಲ ಅಂದ್ರ ಗಲ್ಲ

ಏಳು ಸಮುದ್ರದ ಆಚೆಯೂ ಅಲ್ಲ, ಏಳು ಬೆಟ್ಟದ ಆಚೆಯೂ ಅಲ್ಲ. ಹುಬ್ಬಳ್ಳಿಯಿಂದ ಹೊರಟ ರೈಲು ಮೂರು ನಾಲ್ಕು ಕಡೆ ನಿಂತು ಉಸಿರು ಬಿಟ್ಟು ಮುಟ್ಟುವಷ್ಟು ದೂರದ ಅಣ್ಣಿಗೇರಿಯಲ್ಲಿ ಒಬ್ಬರು ಅಕ್ಕೋರಿದ್ದರು. ಕಥೆಯೊಳಗಿನ ರಾಕ್ಷಸನ ಪ್ರಾಣ ಗಿಳಿಯಲ್ಲಿರುವಂತೆ ಈ ಅಕ್ಕೋರ ಪ್ರಾಣ ಒಂದು ಕೆಂಪು ಪೆನ್ನಿನಲ್ಲಿತ್ತು.

ಹೆಸರು ಅನ್ನಪೂರ್ಣಾಬಾಯಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ ಐದು ವರ್ಷವಾಗಿತ್ತು; ಪೆನ್ನು ಮಾತ್ರ ನಿವೃತ್ತವಾಗಿರಲಿಲ್ಲ. ಲಗ್ನಪತ್ರಿಕೆ ಬಂದರೆ ಮುಹೂರ್ತ ನೋಡುವ ಮೊದಲು ಮಹಾಪ್ರಾಣ ನೋಡುತ್ತಿದ್ದರು. ಸರ್ಕಲ್ಲಿನ ಬ್ಯಾನರಿನ ಮೇಲೆ ‘ಶುಭಾಷಯಗಳು’ ಎಂದು ಬರೆದವನ ಅಂಗಡಿ ಹುಡುಕಿಕೊಂಡು ಹೋಗಿ, ಅವನ ಗಿರಾಕಿಗಳ ಎದುರಿಗೇ ಷಕಾರ ಶಕಾರದ ಪಾಠ ಮಾಡಿ ಬಂದಿದ್ದರು. ಊರಿನವರ ‘ಐತಿ’ ಅವರಿಗೆ ಸೇರುತ್ತಿರಲಿಲ್ಲ. ಮೈಸೂರು ಕಡೆಯವರ ‘ಇದೆ’ ಅದಕ್ಕಿಂತ ಸೇರುತ್ತಿರಲಿಲ್ಲ. ಅವರ ಸ್ವಂತ ‘ಅದ’ ಮಾತ್ರ ನೇರವಾಗಿ ಸರಸ್ವತಿಯ ಬಾಯಿಂದ ಉದುರಿದ್ದು.

ಇಂಥವರ ಬಾಜು ಮನೆಯಲ್ಲಿ ರೇವವ್ವ ಇದ್ದಳು. ಕಾಳುಕಡಿ ವ್ಯಾಪಾರದ ಕುಬೇರಪ್ಪನ ಹೆಂಡತಿ, ವಯಸ್ಸು ನಲವತ್ತೇಳು. ಎಂಟನೇ ಇಯತ್ತೆಯಲ್ಲಿ ಇದೇ ಅಕ್ಕೋರ ಕೈಯಲ್ಲಿ ಕಲಿತವಳು. ಕಲಿತಳು ಅನ್ನುವುದಕ್ಕಿಂತ, ಕಡೆಯ ಬೆಂಚಿನ ಮೇಲೆ ನಿಂತು ವರ್ಷ ಕಳೆದವಳು. ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದಿದ್ದರೂ ಅಕ್ಕೋರು ಹಿತ್ತಲಿಗೆ ಬಂದರೆ ಸೆರಗು ಸರಿ ಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಅದೊಂದು ಗುಣಕ್ಕೆ ಅಕ್ಕೋರು ಆಕೆಯನ್ನು ಸಹಿಸಿಕೊಂಡಿದ್ದರು.

ಹೋದ ವರ್ಷ ರೇವವ್ವನಿಗೆ ಕಾಮಣಿಯಾಗಿ ಮೈ ಕಣ್ಣೆಲ್ಲ ಹಳದಿಯಾಯಿತು. ಕಾಮಣಿ ಹೋಯಿತು, ಹೋಗುವಾಗ ಆಕೆಯ ಎರಡೂ ಗಲ್ಲವನ್ನು ಗಂಟು ಕಟ್ಟಿಕೊಂಡು ಹೋಯಿತು. ಕಣ್ಣಿನ ಕೆಳಗೆ, ಮೂಗಿನ ಎಡಬಲಕ್ಕೆ, ಉಬ್ಬಿದ ಪೂರಿಯಂತೆ ಇದ್ದ ಜಾಗ ಒಳಗೆ ಸೇದಿಕೊಂಡು ಬಟ್ಟಲಾಯಿತು. ಮೈಗೆ ಮತ್ತೇನೂ ಕೊರತೆಯಿರಲಿಲ್ಲ. ಮೊದಲಿನಷ್ಟೇ ರೊಟ್ಟಿ ಬಡಿಯುತ್ತಿದ್ದಳು, ಮೊದಲಿನಷ್ಟೇ ತಿನ್ನುತ್ತಿದ್ದಳು. ಆದರೆ ಆ ಊರಿನಲ್ಲಿ ಎದುರಾದವರನ್ನು ಮಾತಾಡಿಸುವ ರೀತಿಯೇ ಹಾಗೆ: ಆರಾಮಿಲ್ಲೇನ್ರಿ, ಭಾಳ ಸೊರಗೀರಲ್ಲ. ಸಂತೆಯಲ್ಲಿ ಕಾಯಿಪಲ್ಲೆಯವಳು ಕೇಳುತ್ತಿದ್ದಳು, ಸ್ಟೇಶನ್ನಿನಲ್ಲಿ ಟಿಕೆಟ್ ಕೊಡುವವನು ಕೇಳುತ್ತಿದ್ದ. ಪ್ರೀತಿಯಿಂದಲೇ ಕೇಳುತ್ತಿದ್ದರು, ಹಾಗಾಗಿ ತಿರುಗಿ ಬೈಯುವ ಹಾಗೂ ಇರಲಿಲ್ಲ. ಕಡೆಗೆ ಒಂದು ದಿನ ಸಂಬಂಧಿಕರ ಮನೆಯ ಕುಬಸದಲ್ಲಿ, ಬಸುರಿಗೆ ಆರತಿ ಮಾಡಲು ಎದ್ದವಳ ಕೈಯಿಂದ ತಟ್ಟೆ ತೆಗೆದುಕೊಂಡು, ನಿಮಗ ತ್ರಾಣ ಇಲ್ಲ ಕುಂಡ್ರಿ ಎಂದು ಕೂರಿಸಿ, ಬೇರೆಯವಳ ಕೈಗೆ ಕೊಟ್ಟರು. ರೇವವ್ವ ಕೂತಳು. ಆವತ್ತಿನಿಂದ ಯಾರ ಮನೆಯ ಶುಭಕಾರ್ಯಕ್ಕೂ ಹೋಗಲಿಲ್ಲ.

ಮುಖ ಕಂಡರಲ್ಲವೇ ಕೇಳುವುದು ಎಂದು ಮನೆಯೊಳಗೇ ಕೂತವಳಿಗೆ ಮೊಬೈಲಿನಲ್ಲಿ ಒಂದು ಜಾಹೀರಾತು ಸಿಕ್ಕಿತು. ಹುಬ್ಬಳ್ಳಿಯಲ್ಲೊಂದು ಹೊಸ ಚರ್ಮದ ದವಾಖಾನೆ. ಅಲ್ಲಿ ಕತ್ತರಿ ಹಚ್ಚದೆ, ಬರೀ ಸೂಜಿಯಿಂದ ಮುಖದ ಆಕಾರ ತಿದ್ದುತ್ತಾರಂತೆ. ಹೊರಗಿನದೇನೂ ತುಂಬುವುದಿಲ್ಲ, ನಿಮ್ಮ ಮೈಯೇ ನಿಮ್ಮ ಮುಖ ತುಂಬುತ್ತದೆ ಎಂದು ಅದರಲ್ಲಿ ಒಬ್ಬಳು ನಗುತ್ತ ಹೇಳುತ್ತಿದ್ದಳು. ರೇವವ್ವ ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದು ಅಕ್ಕೋರಿಗೆ ತೋರಿಸಿದಳು.

ಅಕ್ಕೋರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಮೊದಲನೇ ಸಲ ಕಾಗುಣಿತದ ತಪ್ಪು ಹುಡುಕಿದರು, ಎರಡನೇ ಸಲ ಎಣಿಸಿದರು. ಆಮೇಲೆ ಆಕೆಗೆ ಮಂಗಳಾರತಿಯಾಯಿತು. ಮಗಳಿಗೆ ಲಗ್ನ ಮಾಡುವ ವಯಸ್ಸಿನಲ್ಲಿ ಮಾರಿಗೆ ಸೂಜಿ ಚುಚ್ಚಿಸಿಕೊಳ್ಳಲು ನಾಚಿಕೆಯಿಲ್ಲವೇ, ಸೊರಗಿದರೆ ಹಾಲು ತುಪ್ಪ ತಿನ್ನಲು ಏನು ಧಾಡಿ, ಇಂಥ ಸೋಗಿಗೆ ಬೀಳುವವರು ಬಣ್ಣದ ಕಾಗದ ನೋಡಿ ಮಿಠಾಯಿ ನುಂಗುವ ಕೂಸುಗಳಿಗಿಂತ ಕಡೆ, ಎಂದೆಲ್ಲ ಅಂದರು. ರೇವವ್ವ ಎದ್ದು ನಿಂತೇ ಕೇಳಿಸಿಕೊಂಡಳು. ಬೈಗುಳ ಮುಗಿದ ಮೇಲೆ, ತನ್ನ ಗಂಡ ಹೂಂ ಅಂದಿದ್ದಾನೆ, ಆದರೆ ಅಲ್ಲಿ ಏನೇನೋ ಕಾಗದಕ್ಕೆ ಸಹಿ ಮಾಡಬೇಕಂತೆ, ತನಗೆ ಅದೆಲ್ಲ ತಿಳಿಯುವುದಿಲ್ಲ, ಅದಕ್ಕೇ ಜೊತೆಗೆ ಬರಬೇಕು ಅಂದಳು.

‘ಕಾಗದದಾಗ ಏನ ಬರದಿರತಾರೋ ಅದನ್ನ ನೀವು ಓದಿ, ನನಗ ತಿಳಿಯೋಹಂಗ ಹೇಳ್ರಿ ಅಕ್ಕೋರ. ನೀವು ಹೇಳಿದ ಮ್ಯಾಲನ ನಾ ಸಹಿ ಮಾಡಾಕಿ.’

ತಿಳಿಯದವರು ತಿಳಿದವರ ಹತ್ತಿರ ಬಂದು ಕೇಳಿದ್ದರು. ಅಕ್ಕೋರ ತಿರಸ್ಕಾರ ಕರಗಲಿಲ್ಲ, ಆದರೆ ಅದಕ್ಕೆ ಕೂರಲು ಒಂದು ಎತ್ತರದ ಪೀಠ ಸಿಕ್ಕಿತು.

‘ಒಂದ ಅಕ್ಷರ ಬಿಡಲಾರದ ಹೇಳ್ತೇನಿ,’ ಅಂದರು.

ಮುಂದಿನ ವಾರ ಇಬ್ಬರೂ ರೈಲು ಹತ್ತಿ ಹೋದರು.

ದವಾಖಾನೆಯ ತುಂಬ ಕನ್ನಡಿಗಳು. ಕನ್ನಡಿ ಹಾಕದ ಜಾಗದಲ್ಲಿ ಪ್ಲಾಸ್ಟಿಕ್ಕಿನ ಬಳ್ಳಿ. ಹಿಂದೊಂದು ಕಾಲದಲ್ಲಿ ಮಾಯಾವಿಯ ಅರಮನೆ ಹೀಗೇ ಇರುತ್ತಿತ್ತೇನೋ. ಅಲ್ಲಿ ಹೊಕ್ಕವರು ಕುರಿಯೋ ಕೋಳಿಯೋ ಆಗುತ್ತಿದ್ದರು, ಇಲ್ಲಿ ಹೊಕ್ಕವರು ಎಲ್ಲರೂ ಒಂದೇ ಮುಖದವರಾಗಿ ಹೊರಬೀಳುತ್ತಿದ್ದರು. ಒಬ್ಬಳ ತುಟಿ ಜೇನು ಕಚ್ಚಿದ ಹಾಗಿತ್ತು. ಇನ್ನೊಬ್ಬಳ ಹುಬ್ಬು ಮೇಲೆ ಹೋಗಿ ಇಳಿಯುವುದನ್ನು ಮರೆತಿತ್ತು. ಅನ್ನಪೂರ್ಣಾಬಾಯಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಒಬ್ಬೊಬ್ಬರನ್ನಾಗಿ ನಾಪಾಸು ಮಾಡಿದರು.

ಡಾಕ್ಟರು ಕೌಶಿಕ ಎಂಬ ಹುಡುಗ, ಮೈಸೂರು ಕಡೆಯವನು. ಬಂದು ಇನ್ನೂ ಎರಡು ತಿಂಗಳಾಗಿತ್ತಂತೆ. ಅಕ್ಕೋರನ್ನು ಆಂಟಿ ಎಂದು ಕರೆದ. ಅಲ್ಲಿಗೆ ಅವನ ಹಣೆಬರಹ ತೀರ್ಮಾನವಾಯಿತು. ಅವನು ಬಾಯಿ ತೆರೆದಾಗೆಲ್ಲ ಅರ್ಧ ಇಂಗ್ಲಿಷು, ಉಳಿದರ್ಧ ‘ಆಗುತ್ತೆ’ ‘ಹೋಗುತ್ತೆ’. ಇದು ಜೆಲ್ ಥರದ್ದಲ್ಲ, ಪುಡಿ. ನೀರಲ್ಲಿ ಕಲಸಿ ಚರ್ಮದ ಕೆಳಗೆ ಕೊಡುತ್ತೇವೆ. ತಕ್ಷಣ ಏನೂ ಕಾಣಲ್ಲ, ಕೊಲಾಜನ್ ನಿಧಾನವಾಗಿ ಹುಟ್ಟುತ್ತೆ, ಎರಡು ಮೂರು ಸಿಟ್ಟಿಂಗ್ ಬೇಕಾಗುತ್ತೆ ಎಂದು ಏನೇನೋ ಹೇಳಿದ. ಅಕ್ಕೋರು ಅವನ ವಿಭಕ್ತಿ ಪ್ರತ್ಯಯಗಳನ್ನು ಗಮನಿಸುತ್ತಿದ್ದರು.

ಆಮೇಲೆ ಎಲ್ಲಿಗೆ ಮಾಡಿಸಬೇಕು ಎಂದು ಕೇಳಿದ. ರೇವವ್ವ ಅಕ್ಕೋರ ಮುಖ ನೋಡಿದಳು.

‘ಗಲ್ಲ,’ ಅಂದರು ಅಕ್ಕೋರು.

ಹುಡುಗ ರೇವವ್ವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ. ಅವನಿಗೆ ಏನೋ ಸಮಾಧಾನವಾದಂತೆ ಕಾಣಲಿಲ್ಲ.

‘ಗಲ್ಲ ಮಾತ್ರನಾ ಆಂಟಿ? ಇವರಿಗೆ ಮಿಡ್‌ಫೇಸ್ ಮಾಡಿಸಿದ್ರೆ ತುಂಬಾ ಚೆನ್ನಾಗಿರುತ್ತೆ. ನಾನಾದ್ರೆ ಅದನ್ನೇ ಮೊದಲು ಮಾಡ್ತಿದ್ದೆ.’

ಮಿಡ್‌ಫೇಸ್ ಅಂದರೆ ನಡುಮುಖ, ನಡುಮುಖ ಅಂದರೆ ಮೂಗು. ಮೂಗಿಗೂ ಚುಚ್ಚಬೇಕಂತೆ ಈ ದರೋಡೆಕೋರನಿಗೆ. ಅಂಗಿ ಹೊಲಿಸಲು ಹೋದವರಿಗೆ ಪಂಚೆಯನ್ನೂ ಕಟ್ಟಿ ಕಳಿಸುವ ಜಾತಿ. ಅನ್ನಪೂರ್ಣಾಬಾಯಿ ಮೂವತ್ತೆರಡು ವರ್ಷ ತರಗತಿಯನ್ನು ಗಪ್ಪುಮಾಡಿದ ದನಿಯಲ್ಲಿ ಅಂದರು:

‘ಗಲ್ಲ ಅಂದ್ರ ಗಲ್ಲ. ಕನ್ನಡ ತಿಳೀತದೋ ಇಲ್ಲೋ ನಿಮಗ? ಬ್ಯಾರೆ ಯಾವದೂ ಬ್ಯಾಡ.’

ತಿಳಿಯುತ್ತದೆ ಎಂದು ಹುಡುಗ ತಲೆ ತಗ್ಗಿಸಿದ. ಕಾಗದದ ಮೇಲೆ ಏನೋ ಬರೆದು, ಓದಿ ಸಹಿ ಮಾಡಲು ಕೊಟ್ಟು ಒಳಗೆ ಹೋದ.

ಮೂರು ಪುಟ. ಯಾರೋ ಯಂತ್ರದಲ್ಲಿ ಇಂಗ್ಲಿಷು ತುರುಕಿ ಕನ್ನಡ ಹಿಂಡಿ ತೆಗೆದಿದ್ದರು. ‘ಕೊಲಾಜನ್-ಉತ್ತೇಜಕ ಚರ್ಮೀಯ ಭರ್ತಿಕಾರಕದ ಮೂಲಕ ಮುಖದ ಬಾಹ್ಯರೇಖೀಕರಣ: ರೋಗಿಯ ತಿಳವಳಿಕೆ ಪತ್ರ.’ ತಿಳುವಳಿಕೆಯಲ್ಲೇ ಕೊಂಬಿಲ್ಲ. ಅಕ್ಕೋರ ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಮುಂದಿನ ಅರ್ಧ ತಾಸು ಅವರಷ್ಟು ಸುಖಿ ಆ ದವಾಖಾನೆಯಲ್ಲಿ ಯಾರೂ ಇರಲಿಲ್ಲ. ‘ಉದ್ಧೇಶಿತ ಪ್ರದೇಶ’ ಎಂದಿದ್ದಲ್ಲಿ ಧಕಾರ ಹೊಡೆದು ದಕಾರ ಮಾಡಿದರು. ‘ಗಂಟುಗಳು ಉಂಟಾಗಬಹುದಾಗಿರುತ್ತದೆ’ ಎಂಬಲ್ಲಿ ವಚನ ತಿದ್ದಿದರು. ಒಂದು ವಾಕ್ಯಕ್ಕೆ ಕರ್ತೃವೇ ಇರಲಿಲ್ಲ. ಅದಕ್ಕೆ ಬಾಜುವಿನಲ್ಲಿ ದೊಡ್ಡ ಪ್ರಶ್ನಾರ್ಥಕ ಹಾಕಿದರು. ಒಟ್ಟು ಇಪ್ಪತ್ಮೂರು ತಪ್ಪು. ಮೇಲೆ, ಬಲಗಡೆಯ ಮೂಲೆಯಲ್ಲಿ, ನೂರಕ್ಕೆ ಮೂವತ್ತೊಂದು ಎಂದು ಬರೆದು ಸುತ್ತ ವರ್ತುಲ ಎಳೆದರು.

ರೇವವ್ವ ಮೆಲ್ಲಗೆ, ಏನು ಬರೆದಿದೆ ಎಂದು ಕೇಳಿದಳು.

ಎಲ್ಲಾ ತಿದ್ದಿದ್ದೇನೆ, ಸಹಿ ಮಾಡು, ಅಂದರು ಅಕ್ಕೋರು. ಸಾಕ್ಷಿಯ ಜಾಗದಲ್ಲಿ ತಾವೂ ಸಹಿ ಮಾಡಿದರು. ಕೌಂಟರಿನಲ್ಲಿದ್ದ ಹುಡುಗಿಯಿಂದ ಒಂದು ಝೆರಾಕ್ಸ್ ಮಾಡಿಸಿ, ಗಂಡ ದಿನಕರರಾಯರಿಗೆ ತೋರಿಸಿ ನಗಲು ಬೇಕಾಗುತ್ತದೆ ಎಂದು ಚೀಲದಲ್ಲಿ ಇಟ್ಟುಕೊಂಡರು.

ಒಳಗೆ ರೇವವ್ವನ ಕನ್ನಡಕ ತೆಗೆಸಿ, ಜೋಮು ಹಿಡಿಸುವ ಮುಲಾಮು ಹಚ್ಚಿ ಮಲಗಿಸಿದರು. ಕೌಶಿಕ ಬಿಳಿ ಪೆನ್ಸಿಲಿನಿಂದ ಆಕೆಯ ತುಟಿಯ ಕೆಳಗೆ ನಾಲ್ಕು ಚುಕ್ಕಿ ಇಟ್ಟ. ಆಕೆ ಕೈಯಿಂದ ತಡವಿ ನೋಡಿಕೊಂಡು, ತಲೆ ಹೊರಳಿಸಿ ಅಕ್ಕೋರನ್ನು ಕೇಳಿದಳು:

‘ಇದ್ಯಾಕ್ರಿ ಅಕ್ಕೋರ, ಗದ್ದಕ್ಕ ಗುರ್ತು ಹಾಕಾಕತ್ಯಾರಲ್ಲ?’

ಅನ್ನಪೂರ್ಣಾಬಾಯಿಗೂ ಅದು ಕಂಡಿತ್ತು. ಅವರಿಗೂ ಯಾಕೆಂದು ಗೊತ್ತಿರಲಿಲ್ಲ. ಕೇಳಿದ್ದರೆ ಆ ಹುಡುಗ ಎರಡು ಹೆಜ್ಜೆ ದೂರದಲ್ಲಿದ್ದ. ಆದರೆ ಅವನ ಎದುರು, ಈಕೆಯ ಎದುರು, ಗೊತ್ತಿಲ್ಲ ಅನ್ನುವ ಮೂರಕ್ಷರ ಅವರ ನಾಲಿಗೆಯ ಮೇಲೆ ಎಂದೂ ಕೂತದ್ದಲ್ಲ.

‘ಗಿಡಕ್ಕ ನೀರು ಎಲೀಗೆ ಹಾಕ್ತಾರೇನು? ಬೇರಿಗೆ ಹಾಕ್ತಾರ. ಕೆಳಗ ಹಾಕಿದ್ದು ಮ್ಯಾಲ ಏರತದ. ಸುಮ್ನ ಮಲಕೋ.’

ರೇವವ್ವ ಸುಮ್ಮನೆ ಮಲಗಿದಳು.

ಮನೆಗೆ ಬಂದ ಮೇಲೆ ದಿನಕರರಾಯರು, ಪೋಸ್ಟ್ ಆಫೀಸಿನಲ್ಲಿ ಆಯುಷ್ಯ ಕಳೆದ ಸಾವಕಾಶದ ಮನುಷ್ಯ, ಹೆಂಡತಿ ಕೊಟ್ಟ ಝೆರಾಕ್ಸನ್ನು ನೋಡಿ ನಗಬೇಕಾದಲ್ಲೆಲ್ಲ ನಕ್ಕರು. ಮೂವತ್ತೊಂದೂ ಹೆಚ್ಚಾಯಿತು ಅಂದರು. ಆಮೇಲೆ ಚಹಾ ಕುಡಿಯುತ್ತ, ಅಂದಹಾಗೆ ಅದರಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದರು. ಅನ್ನಪೂರ್ಣಾಬಾಯಿ, ಏನೇನೋ ಹಾಳುಮೂಳು ಬರೆದಿದ್ದಾರೆ ಎಂದು ಹೇಳಿ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದರು.

ದಿನಕ್ಕೆ ಐದು ಸಲ, ಸಲಕ್ಕೆ ಐದು ನಿಮಿಷ, ಐದು ದಿನ ತಿಕ್ಕಬೇಕು ಎಂದು ಡಾಕ್ಟರು ಹೇಳಿದ್ದ. ರೇವವ್ವ ಗಡಿಯಾರದ ಎದುರು ಸ್ಟೂಲು ಹಾಕಿಕೊಂಡು ಎರಡೂ ಹೆಬ್ಬೆರಳಿನಿಂದ ಗದ್ದ ತಿಕ್ಕಿಕೊಳ್ಳುತ್ತಿದ್ದಳು. ಪರೀಕ್ಷೆಗೆ ಕೂತ ಹುಡುಗಿಯ ಶ್ರದ್ಧೆ. ಹಿತ್ತಲ ಗೋಡೆಯ ಮೇಲಿಂದ ಅದನ್ನು ಕಂಡಾಗಲೆಲ್ಲ ಅಕ್ಕೋರಿಗೆ ನಗು ಬರುತ್ತಿತ್ತು. ಈ ಶ್ರದ್ಧೆ ಎಂಟನೇ ಇಯತ್ತೆಯಲ್ಲಿ ಎಲ್ಲಿ ಹೋಗಿತ್ತು ಅನ್ನಿಸುತ್ತಿತ್ತು.

ಒಂದು ವಾರಕ್ಕೆ ಬಾವು ಇಳಿಯಿತು. ಏನೂ ಕಾಣಲಿಲ್ಲ. ಒಂದು ತಿಂಗಳು ಕಳೆಯಿತು. ಆಮೇಲೆ ಮೆಲ್ಲಗೆ, ಹಸಿ ಗೋಡೆಯಲ್ಲಿ ನೀರು ಏರುವಂತೆ, ಏನೋ ಕಾಣತೊಡಗಿತು. ಗಲ್ಲದ ಬಟ್ಟಲು ಇದ್ದಲ್ಲೇ ಇತ್ತು. ಗದ್ದ ಮುಂದೆ ಬರುತ್ತಿತ್ತು. ಮೊದಲು ದುಂಡಗೆ ಚಿಕ್ಕದಾಗಿದ್ದ ಗದ್ದ ಈಗ ಮುಖಕ್ಕಿಂತ ಅರ್ಧ ಹೆಜ್ಜೆ ಮುಂದೆ ನಡೆಯುತ್ತಿತ್ತು, ಮೇಲೆ ಗುಳಿಬಿದ್ದ ಗಲ್ಲ ಇನ್ನೂ ಗುಳಿಬಿದ್ದಂತೆ ಕಾಣುತ್ತಿತ್ತು. ಬಳೆ ಇಡಿಸಲು ಬಂದ ಮೆಹರುನಬಿ, ಎಲ್ಲರ ಮನೆಯ ಒಳಗನ್ನೂ ಬಲ್ಲವಳು, ರೇವವ್ವನ ಕೈ ಹಿಡಿದುಕೊಂಡೇ ನೋಡಿ, ಹಲ್ಲುನೋವೇನವ್ವಾ, ಗದ್ದ ಬಾತೈತಲ್ಲ, ಮೊದಲ ಸೊರಗೀದಿ, ಎಂದು ಮರುಗಿದಳು.

ರೇವವ್ವ ಅದನ್ನು ಅಕ್ಕೋರಿಗೆ ಬಂದು ಹೇಳಿದಳು. ದೂರಿನಂತೆ ಹೇಳಲಿಲ್ಲ. ಔಷಧ ಇನ್ನೂ ಬೇರಿನಲ್ಲೇ ಇದೆ ಅಂತ ಕಾಣುತ್ತದೆ, ಸೋಮವಾರ ಎರಡನೇ ಸೂಜಿ, ಅದು ಬಿದ್ದರೆ ಮೇಲೆ ಏರುತ್ತದಲ್ಲವೇ ಎಂದು ಕೇಳಿದಳು. ಏರುತ್ತದೆ ಅಂದರು ಅಕ್ಕೋರು. ಅಂದ ದನಿ ಅವರಿಗೇ ತಪ್ಪು ಕಾಗುಣಿತದ ಹಾಗೆ ಕೇಳಿಸಿತು.

ಶನಿವಾರ ಮಧ್ಯಾಹ್ನ ಅವರ ತಮ್ಮನ ಮಗಳು ಸಂಪದಾ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದಳು. ಅಲ್ಲಿಗೆ ಲಗ್ನವಾಗಿ ಹೋದವಳು. ಬಾಲವಾಡಿಗೆ ಹೋಗುವ ತನ್ನ ಮಗಳಿಗೆ ಅಜ್ಜಿಯ ಎದುರು ಕಲಿತದ್ದನ್ನು ಒಪ್ಪಿಸು ಅಂದಳು. ಕೂಸು ಬೆರಳಿಟ್ಟು ತೋರಿಸುತ್ತ ಹೇಳಿತು. ಹಣೆ. ಕಣ್ಣು. ಮೂಗು. ಕೆನ್ನೆ. ಬಾಯಿ. ಆಮೇಲೆ ತುಟಿಯ ಕೆಳಗೆ ಬೆರಳಿಟ್ಟು, ಗಲ್ಲ ಅಂದಿತು.

ಅನ್ನಪೂರ್ಣಾಬಾಯಿ ತಡೆದರು. ಅದು ಗದ್ದ ಅಂದರು. ಕೂಸು ಬೆರಳು ತೆಗೆಯದೆ, ಗಲ್ಲ ಅಂದಿತು. ಮಿಸ್ಸು ಹೇಳಿದ್ದಾರೆ ಅಂದಿತು.

‘ಇಲ್ಲೆ ಇದಕ್ಕ ಗಲ್ಲಾನ ಅಂತಾರತ್ಯಾ,’ ಎಂದು ಸಂಪದಾ ನಕ್ಕಳು. ‘ನಮ್ಮ ಗಲ್ಲಕ್ಕ ಇವರು ಕೆನ್ನೆ ಅಂತಾರ. ನಾನೂ ಮದಲ ಭಾಳ ಸಲ ಫಜೀತಿ ಬಿದ್ದೇನಿ.’

ಅನ್ನಪೂರ್ಣಾಬಾಯಿ ಏನೋ ಒಂದು ನೆಪ ಹೇಳಿ ಫೋನು ಇಟ್ಟರು. ಮೈಸೂರಿನವರಿಗೆ ಕನ್ನಡ ಬರುವುದಿಲ್ಲ ಎಂದು ಗೋಡೆಗೆ ಹೇಳಿದರು. ಗೋಡೆ ಹೂಂ ಅನ್ನಲಿಲ್ಲ. ಕಪಾಟಿನಿಂದ ಆ ಮೂರು ಪುಟ ತೆಗೆದು, ಪೆನ್ನು ದೂರ ಇಟ್ಟು, ಕೂತು ಓದಿದರು. ಎರಡನೇ ಪುಟದಲ್ಲಿ, ತಾವು ಧಕಾರ ಹೊಡೆದು ದಕಾರ ಮಾಡಿದ್ದರ ಪಕ್ಕದಲ್ಲೇ, ಆ ಹುಡುಗನ ಕೈಬರಹ ಇತ್ತು. ‘ಉದ್ದೇಶಿತ ಪ್ರದೇಶ: ಗಲ್ಲದ ಮುಂಚಾಚುವಿಕೆ.’ ತುಟಿಯ ಕೆಳಗೆ ನಾಲ್ಕು ಚುಕ್ಕಿ ಇಟ್ಟ ಒಂದು ಚಿತ್ರವೂ ಇತ್ತು. ಅಕ್ಷರ ನೋಡಿದ ಕಣ್ಣಿಗೆ ಚಿತ್ರ ಬಿದ್ದಿರಲಿಲ್ಲ.

ಡಾಕ್ಟರಿಗೆ ಫೋನು ಹಚ್ಚಿದರು. ಅವನ ಮೇಲೆ ಎಲ್ಲವನ್ನೂ ಹೊರಿಸಲು ಬೇಕಾದ ಮಾತುಗಳನ್ನು ಮೊದಲೇ ಜೋಡಿಸಿಕೊಂಡಿದ್ದರು. ಹುಡುಗ ಪೂರ್ತಿ ಕೇಳಿ, ನಿಮ್ಮ ಕಡೆ ಗಲ್ಲ ಅಂದರೆ ಕೆನ್ನೆಯಾ ಎಂದು ಕೇಳಿದ. ಅವನ ದನಿಯೂ ಇಳಿದುಹೋಗಿತ್ತು. ಬೆರಳಿಟ್ಟು ತೋರಿಸಿ ಎಂದು ತಾನು ರೇವವ್ವನಿಗೇ ಹೇಳಬೇಕಿತ್ತು, ಅದು ತನ್ನ ತಪ್ಪು ಅಂದ. ಮಿಡ್‌ಫೇಸ್ ಅಂದರೆ ಕೆನ್ನೆಯೇ, ಮೂಗಲ್ಲ, ಅದನ್ನೇ ಮಾಡಿಸಿ ಅಂತ ಅವತ್ತು ಹೇಳಿದ್ದೆ ಅಂದ. ಹಾಕಿದ್ದನ್ನು ಕರಗಿಸಲು ಬರುವುದಿಲ್ಲ, ಕೆಲವು ಜೆಲ್‌ಗಳಿಗೆ ಮದ್ದಿದೆ, ಇದಕ್ಕಿಲ್ಲ; ಎರಡು ವರ್ಷದ ಆಸುಪಾಸು ಹಾಗೇ ಇದ್ದು ತಾನಾಗಿ ಇಳಿಯಬೇಕು. ಸೋಮವಾರ ಮಾತ್ರ ಗಲ್ಲಕ್ಕೆ ಕೊಡುವುದಿಲ್ಲ ಅಂದು, ನಾಲಿಗೆ ಕಚ್ಚಿಕೊಂಡು, ಅಂದರೆ ನಿಮ್ಮ ಗದ್ದಕ್ಕೆ, ಅಂದ. ಕಡೆಗೆ ಒಂದೇ ಕೇಳಿದ: ‘ಆ ಪೇಪರ್ ನೀವು ಅವರಿಗೆ ಓದಿ ಹೇಳಿದ್ರಿ ಅಲ್ವಾ ಮೇಡಂ?’

ಅವರು ಫೋನು ಕೆಳಗಿಟ್ಟರು.

ಭಾನುವಾರ ಪೂರ್ತಿ ಅವರಿಗೆ ಮಂಡಿನೋವು. ಸೋಮವಾರ ಹೋಗಲು ಆಗುವುದಿಲ್ಲ, ರೇವವ್ವ ಒಬ್ಬಳೇ ಹೋಗಲಿ, ಡಾಕ್ಟರೇ ಹೇಳುತ್ತಾನೆ, ಹೇಳುವುದು ಅವನ ಕೆಲಸ ಎಂದು ಗಂಡನ ಹತ್ತಿರ ಅಂದರು. ಯಾವ ಮಂಡಿ ಎಂದು ದಿನಕರರಾಯರು ಕೇಳಿದರು. ಬಲಗಡೆಯದು ಅಂದರು. ಮುಂಜಾನೆ ಎಡಗಡೆಯದು ಅಂದಿದ್ದಿರಿ ಎಂದು ರಾಯರು ಪೇಪರು ಮಡಚಿದರು.

ಹುಡುಗ ಹೇಳಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಏನೂ ಆಗುವುದಿಲ್ಲ. ಅಕ್ಕೋರು ತಪ್ಪಿರಲಾರರು, ಡಾಕ್ಟರೇ ತಪ್ಪು ಎಂದು ರೇವವ್ವ ನಂಬುತ್ತಾಳೆ. ಮತ್ತೆ ಎದ್ದು ನಿಲ್ಲುತ್ತಾಳೆ. ಮುಂದಕ್ಕೆ ಬಂದ ಗದ್ದ ಹೊತ್ತುಕೊಂಡು, ಸೆರಗು ಸರಿ ಮಾಡಿಕೊಂಡು, ಇವರೆದುರು ನಿಂತೇ ಇರುತ್ತಾಳೆ, ಎರಡು ವರ್ಷ. ತಮ್ಮ ಬಗ್ಗೆ ತಮಗೇ ಹೇಸಿಕೆ ಬಂದದ್ದು ಅವರಿಗೆ ಹೊಸದು; ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಸೋಮವಾರ ಮುಂಜಾನೆ ಮಂಡಿ ಎರಡೂ ನೆಟ್ಟಗಿದ್ದವು. ರೈಲಿನಲ್ಲಿ ಇಬ್ಬರಿಗೂ ಕಿಟಕಿ ಸಿಕ್ಕಿತು, ಎದುರುಬದುರು. ಹೊರಗೆ ಕಡಲೆ ಹೊಲ. ರೇವವ್ವ ಸೆರಗನ್ನು ಗದ್ದದ ಮೇಲೆ ಎಳೆದುಕೊಂಡು ಕೂತಿದ್ದಳು.

ಅನ್ನಪೂರ್ಣಾಬಾಯಿ ಚೀಲದಿಂದ ಮೂರು ಪುಟ ತೆಗೆದರು.

‘ನಿನಗ ಇದನ್ನ ಓದಿ ಹೇಳ್ತೇನಿ ಅಂದಿದ್ದೆ.’

‘ಸಹಿ ಮಾಡಿ ಆತಲ್ರಿ.’

‘ಆದ್ರೂ ಓದ್ತೇನಿ.’

ಓದಿದರು. ‘ಸದರಿ ಭರ್ತಿಕಾರಕವು ಸ್ವತಃ ಭರ್ತಿಯನ್ನು ಒದಗಿಸದೆ ಅಂಗಾಂಶದ ಪರಕೀಯ ಪ್ರತಿಕ್ರಿಯೆಯ ಮೂಲಕ ಕೊಲಾಜನ್ ಉತ್ಪಾದನೆಯನ್ನು ಉತ್ತೇಜಿಸುತ್ತದೆ.’ ರೇವವ್ವ ತಿಳಿಯಲಿಲ್ಲ ಅಂದಳು. ಅಕ್ಕೋರು ಇನ್ನೊಮ್ಮೆ ತಾವೇ ಓದಿಕೊಂಡು, ಹುಡುಕಿ ಹುಡುಕಿ ಹೇಳಿದರು: ಪುಡಿ ತಾನು ಜಾಗ ತುಂಬುವುದಿಲ್ಲ, ಅದು ತನ್ನದಲ್ಲ ಎಂದು ಮೈಗೆ ಗೊತ್ತಾಗುತ್ತದೆ, ಗೊತ್ತಾಗಿ ಮೈ ಅದರ ಸುತ್ತ ತನ್ನ ಹುರಿ ಹೆಣೆಯುತ್ತದೆ, ಪುಡಿ ಕರಗಿ ಹೋಗುತ್ತದೆ, ಹುರಿ ಉಳಿಯುತ್ತದೆ.

‘ಕಾಲಾಗ ಜಾಲಿಮುಳ್ಳು ಮುರದು ಉಳದ್ರ ಅದರ ಸುತ್ತ ಗಂಟ ಕಟ್ಟತೈತಲ್ರಿ, ಹಂಗ,’ ಅಂದಳು ರೇವವ್ವ.

ಮೂರು ಪುಟದ ಕನ್ನಡ ಒಂದು ಮಾತಿಗೆ ಬಂದು ನಿಂತಿತು. ಅಕ್ಕೋರು ಹೌದು ಅಂದರು. ತಿಕ್ಕದಿದ್ದರೆ ಗಂಟು ಗಂಟಾಗಿಯೇ ಉಳಿಯುತ್ತದೆ, ಅದಕ್ಕೇ ಐದು ದಿನ ತಿಕ್ಕಲು ಹೇಳಿದ್ದು ಎಂದರು. ಮುಂದಿನ ಸಾಲು ಓದಿ, ಅದರ ಅರ್ಥ ಹೇಳಿದರು: ಒಮ್ಮೆ ಹಾಕಿದರೆ ತೆಗೆಯಲು ಬರುವುದಿಲ್ಲ. ರೇವವ್ವ ತಲೆಯಾಡಿಸಿದಳು.

ಶಿಶುವಿನಹಳ್ಳಿ ಸ್ಟೇಶನ್ ದಾಟಿತು. ಎರಡನೇ ಪುಟ ತಿರುವಿದರು. ‘ಉದ್ದೇಶಿತ ಪ್ರದೇಶ’ ಎಂದು ಓದಿ ನಿಂತರು.

‘ಅಂದರ?’

‘ಅಂದರ, ಎಲ್ಲಿ ಹಾಕತಾರ ಅನ್ನೂದು. ಇಲ್ಲಿ ಗಲ್ಲ ಅಂತ ಬರದದ. ಆ ಡಾಕ್ಟರನ ಊರಾಗ ಗದ್ದಕ್ಕ ಗಲ್ಲ ಅಂತಾರ. ನಾ ಗಲ್ಲ ಅಂದೆ, ಆತ ಗದ್ದಕ್ಕ ಹಾಕಿದ. ನಿನ್ನ ಗಲ್ಲಕ್ಕ ಹಾಕೂಣು ಅಂತ ಆತನ ಹೇಳಿದ್ದ, ಮಿಡ್‌ಫೇಸ್ ಅಂತ. ನಾ ಬ್ಯಾಡ ಅಂದೆ.’

ರೇವವ್ವನ ಕೈ ಸೆರಗಿನ ಮೇಲೆಯೇ ನಿಂತಿತು. ಮುಖ ಕಿಟಕಿಯ ಕಡೆ ತಿರುಗಿಸಿದಳು.

‘ಹಂಗಾರ ಮ್ಯಾಲ ಏರೂದಿಲ್ಲ.’

‘ಏರೂದಿಲ್ಲ.’

‘ನಾ ಕೇಳಿದ್ನಲ್ರಿ ಆವತ್ತ, ಗದ್ದಕ್ಕ ಯಾಕ ಅಂತ.’

‘ಕೇಳಿದ್ದಿ. ನನಗ ಗೊತ್ತಿದ್ದಿಲ್ಲ.’

‘ನೀವು ಈ ಕಾಗದ ಓದೇ ಇದ್ದಿಲ್ಲೇನ್ರಿ?’

‘ತಿದ್ದಿದ್ದೆ,’ ಅಂದರು ಅನ್ನಪೂರ್ಣಾಬಾಯಿ. ‘ಓದಿದ್ದಿಲ್ಲ.’

ರೇವವ್ವ ಕಿಟಕಿಯಿಂದ ಮುಖ ತಿರುಗಿಸಿ ಅವರನ್ನು ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೆ ಅಕ್ಕೋರಿಗೆ ಸುಲಭವಾಗುತ್ತಿತ್ತು. ಅದರಲ್ಲಿ ಇದ್ದದ್ದು, ಅವರು ಇಡೀ ಆಯುಷ್ಯ ಬೇರೆಯವರ ಮೇಲೆ ಹರಿಸಿದ, ಆದರೆ ತಮ್ಮ ಮೇಲೆ ಎಂದೂ ಬೀಳದಿದ್ದ ನೋಟ.

‘ಗೊತ್ತಿಲ್ರಿ ಅಂದದ್ದಕ್ಕ ನನ್ನ ಒಂದ ವರ್ಷ ಬೆಂಚಿನ ಮ್ಯಾಲ ನಿಲ್ಲಿಸಿದ್ರಿ. ನಾ ಆವಾಗ ಖರೇನ ಹೇಳ್ತಿದ್ದೆ.’

ಅಕ್ಕೋರು ಕಾಗದ ಮಡಚಲು ಹೋದರು.

‘ಮಡಚಬ್ಯಾಡ್ರಿ. ಕಡೀತನಕಾ ಓದ್ರಿ.’

ಓದಿದರು. ಹೆಬಸೂರು ಹೋಯಿತು. ಗಂಟಾದರೆ, ಕೆಂಪಾದರೆ, ಜ್ವರ ಬಂದರೆ ಏನು ಮಾಡಬೇಕು. ಬಸುರಿ ಬಾಣಂತಿಯರಿಗೆ ಯಾಕೆ ಕೊಡುವುದಿಲ್ಲ. ಹುಟ್ಟಿದ ಹುರಿ ಎಷ್ಟು ದಿನ ಇರುತ್ತದೆ. ಎರಡು ವರ್ಷ ಅಂದಾಗ ರೇವವ್ವ ಆ ಸಾಲನ್ನು ಇನ್ನೊಮ್ಮೆ ಹೇಳಿಸಿದಳು. ತಿಳಿಯದ ಕಡೆ ನಿಲ್ಲಿಸಿದಳು, ಅವರು ಬೇರೆ ಮಾತು ಹುಡುಕಿದರು, ಆ ಮಾತೂ ದೊಡ್ಡದಾದರೆ ಆಕೆ ಕೈ ಅಡ್ಡ ಆಡಿಸಿದಳು, ಅವರು ಇನ್ನೂ ಸಣ್ಣದು ಹುಡುಕಿದರು. ಬಾಜು ಕೂತ ಹಳ್ಳಿಯ ಇಬ್ಬರು ಹೆಂಗಸರು ತಮ್ಮ ಮಾತು ಬಿಟ್ಟು ಕೇಳತೊಡಗಿದರು. ತಿದ್ದಿದ ಗುರುತುಗಳ ನಡುವೆ ಬರೆದದ್ದನ್ನು ಹುಡುಕುವುದೇ ಅಕ್ಕೋರಿಗೆ ಕಷ್ಟವಾಗುತ್ತಿತ್ತು. ಎರಡು ಕಡೆ ತಮ್ಮದೇ ಪೆನ್ನು ಅಕ್ಷರದ ಮೇಲೆ ಎಳೆದು ಸಾಲನ್ನು ಮುಚ್ಚಿತ್ತು.

ಕುಸುಗಲ್ಲ ಬಂದಾಗ ರೇವವ್ವ ಸೆರಗನ್ನು ಗದ್ದದಿಂದ ಕೆಳಗೆ ಬಿಟ್ಟಳು. ಇವತ್ತು ಸೂಜಿ ಚುಚ್ಚಿಸಿಕೊಳ್ಳುತ್ತೇನೋ ಇಲ್ಲವೋ ಅಲ್ಲಿ ಹೋಗಿ ನೋಡುತ್ತೇನೆ, ಆದರೆ ಡಾಕ್ಟರ ಹತ್ತಿರ ನಾನೇ ಮಾತಾಡುತ್ತೇನೆ, ಬೆರಳಿಟ್ಟು ತೋರಿಸುತ್ತೇನೆ, ನೀವು ಹೊರಗೆ ಕೂಡ್ರಿ ಅಂದಳು. ಅಕ್ಕೋರು ಆಗಲಿ ಅಂದರು.

ಹುಬ್ಬಳ್ಳಿಯ ಶೆಡ್ಡುಗಳು ಕಾಣತೊಡಗಿದವು. ಒಂದೇ ಸಾಲು ಉಳಿದಿತ್ತು, ಎರಡು ಸಹಿಗಳ ಮೇಲೆ. ಅನ್ನಪೂರ್ಣಾಬಾಯಿ ಅದನ್ನೂ ಓದಿದರು.

‘ಮೇಲ್ಕಂಡ ಎಲ್ಲ ವಿಷಯಗಳನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ಓದಿ ತಿಳಿಸಲಾಗಿದೆ.’

‘ಅಂದರ?’

‘ಅಂದರ, ಇದರಾಗ ಇದ್ದದ್ದೆಲ್ಲಾ ನಿನಗ ತಿಳಿಯೋಹಂಗ ಹೇಳೇನಿ ಅಂತ.’

ರೇವವ್ವ ಚಪ್ಪಲಿ ಮೆಟ್ಟಿಕೊಂಡು ಎದ್ದಳು.

‘ಈಗ ಹೇಳಿದ್ರಿ,’ ಅಂದಳು.